ಕ್ಲೇಮ್ ಹಾಕುವ ಮೊದಲು ಕಾರನ್ನು ನಾವೇ ನೋಡಬೇಕು

ಕಳೆದ ನವೆಂಬರ್ ತಿಂಗಳ ಒಂದು ಸಂಜೆ ಸಿರುಗುಪ್ಪದ ಕಾಲೇಜಿನಿಂದ ಬಳ್ಳಾರಿಗೆ ಮರಳುವಾಗ, ತೆಕ್ಕಲಕೋಟೆ ದಾಟಿದ ಮೇಲೆ, ನೆಲ್ಲಿನ ಚೀಲ ಹೇರಿಕೊಂಡು ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರ್‌ಗೆ ನನ್ನ ಕಾರಿನ ಎಡ ಮುಂಭಾಗ ಬಡಿಯಿತು. ಟ್ರೇಲರ್‌ನ ಹಿಂದೆ ಕೆಂಪು ದೀಪವೂ ಇರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಸರಿದ ಕ್ಷಣದಲ್ಲಿ ಟ್ರೇಲರ್ ಕಾಣಿಸಿತು. ಬ್ರೇಕ್ ಒತ್ತಿ ಬಲಕ್ಕೆ ಎಳೆದುಕೊಂಡರೂ ಎಡಮೂಲೆ ತಪ್ಪಲಿಲ್ಲ. ಯಾರಿಗೂ ಗಾಯವಾಗಲಿಲ್ಲ ಎಂಬುದೇ ಆ ಸಂಜೆಯ ದೊಡ್ಡ ಸಮಾಧಾನ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಡುಗ ಇಳಿದು ಬಂದು, "ತಪ್ಪಾಗೈತಿ ಅಣ್ಣಾ, ಹಿಂದಿನ ಲೈಟು ಹೋಗಿ ನಾಲ್ಕು ದಿನ ಆತು, ಸುಗ್ಗಿ ಗದ್ದಲದಾಗ ಹಾಕ್ಸಾಕ ಆಗಿಲ್ಲ" ಎಂದು ಕೈಮುಗಿದ.

ನಾನು ಪದವಿ ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುವವನು. ವಿಮೆಯ ತತ್ವಗಳನ್ನು, ಅಂದರೆ ಪರಮ ಸದ್ಭಾವನೆ (ಏನನ್ನೂ ಮುಚ್ಚಿಡದೆ ನಿಜ ಹೇಳುವುದು), ನಷ್ಟಭರ್ತಿ (ಆದ ನಷ್ಟವನ್ನಷ್ಟೇ ತುಂಬಿಕೊಡುವುದು), ಸಮೀಪ ಕಾರಣ (ನಷ್ಟಕ್ಕೆ ನೇರವಾದ ಕಾರಣ) ಎಂಬುವನ್ನು, ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದು ವಿವರಿಸುತ್ತ ಬಂದಿದ್ದೇನೆ. ಆದರೆ ಆ ತತ್ವಗಳು ನನ್ನದೇ ಕಾರಿನ ಬಂಪರ್ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಆ ರಾತ್ರಿಯಿಂದ ಮರುದಿನ ಮಧ್ಯಾಹ್ನದವರೆಗಿನ ಕೆಲವು ಗಂಟೆಗಳಲ್ಲಿ ಕಲಿತೆ. ನಮ್ಮ ಭಾಗದಲ್ಲಿ ಕಾರಿಗೆ ಪೆಟ್ಟು ಬಿದ್ದರೆ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು: ಏನನ್ನೂ ನೋಡದೆ ಗ್ಯಾರೇಜಿಗೆ ಬಿಟ್ಟು "ಇನ್ಷೂರೆನ್ಸ್‌ನಾಗ ಮಾಡಿಬಿಡ್ರಿ" ಎನ್ನುವುದು, ಇಲ್ಲವೇ ಕ್ಲೇಮಿನ ಗೋಜೇ ಬೇಡವೆಂದು ಕೈಯಿಂದ ಹಣ ಕೊಡುವುದು. ಎರಡೂ ತೀರ್ಮಾನಗಳು ಸರಿಯಾಗಿರಬಹುದು. ಆದರೆ ಅವು ಕಾರನ್ನು ನೋಡಿ, ಲೆಕ್ಕ ಹಾಕಿ ಬಂದ ತೀರ್ಮಾನಗಳಾಗಿರಬೇಕು ಎಂಬುದೇ ನಾನು ಇಲ್ಲಿ ಹೇಳಬೇಕೆಂದಿರುವುದು.

ಮೊದಲನೆಯ ಪರಿಶೀಲನೆ ರಸ್ತೆಯ ಮೇಲೆಯೇ ನಡೆಯಬೇಕು, ಏಕೆಂದರೆ ಅಲ್ಲಿಂದ ವಾಹನಗಳು ಕದಲಿದ ಮೇಲೆ ಆ ದೃಶ್ಯ ಮತ್ತೆ ಸಿಗುವುದಿಲ್ಲ. ಎಚ್ಚರಿಕೆ ದೀಪ ಹಾಕಿ, ಹಿಂದಿನಿಂದ ಬರುವವರಿಗೆ ಕಾಣುವಂತೆ ಒಬ್ಬರನ್ನು ದೂರದಲ್ಲಿ ನಿಲ್ಲಿಸಿ, ಟ್ರೇಲರ್‌ನ ಮೂಲೆ ಮತ್ತು ನನ್ನ ಕಾರಿನ ಮೂಲೆ ಒಂದೇ ಚಿತ್ರದಲ್ಲಿ ಬರುವಂತೆ, ಎರಡೂ ವಾಹನಗಳ ನಂಬರ್ ಪ್ಲೇಟ್ ಓದಲು ಬರುವಂತೆ, ಚಕ್ರ ಉಜ್ಜಿದ ಗುರುತು ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದೆ. ಮೀಟರಿನ ಕಿಲೋಮೀಟರ್ ಸಂಖ್ಯೆಯನ್ನೂ ತೆಗೆದುಕೊಂಡೆ. ಯಾರಿಗಾದರೂ ಗಾಯವಾಗಿದ್ದರೆ ಈ ಕ್ರಮವೆಲ್ಲ ಹಿಂದೆ ಸರಿಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮತ್ತು ಪೊಲೀಸರಿಗೆ ತಿಳಿಸುವುದು ಚಾಲಕನ ಮೊದಲ ಕರ್ತವ್ಯ.

ಆ ರಾತ್ರಿ ನಾನು ಮಾಡಿದ ಒಂದು ಕೆಲಸವನ್ನು ಕೆಲವು ಸಹೋದ್ಯೋಗಿಗಳು ಅನಗತ್ಯ ಖರ್ಚೆಂದರು. ಎಂಜಿನ್ ಚಾಲೂ ಇತ್ತು, ಕಾರು ಓಡುವಂತೆಯೇ ಕಾಣುತ್ತಿತ್ತು. ಆದರೆ ಮುಂಭಾಗದ ಕೆಳಗೆ ಏನೋ ಹನಿಯುತ್ತಿತ್ತು. ಅದು ಎ.ಸಿ.ಯಿಂದ ಇಳಿಯುವ ನೀರೋ, ರೇಡಿಯೇಟರ್ ಒಡೆದು ಸೋರುವ, ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟೋ ಎಂಬುದು ಮೊಬೈಲಿನ ಬೆಳಕಿನಲ್ಲಿ ತಿಳಿಯಲಿಲ್ಲ. ಹಾಗಾಗಿ ಎಂಜಿನ್ ಆರಿಸಿ, ಟೋಯಿಂಗ್ ಗಾಡಿ ಕರೆಸಿ ಬಳ್ಳಾರಿಗೆ ತಂದೆ. ಮರುದಿನ ನೋಡಿದರೆ ಅದು ಎ.ಸಿ. ನೀರೇ ಆಗಿತ್ತು, ರೇಡಿಯೇಟರಿಗೆ ಏನೂ ಆಗಿರಲಿಲ್ಲ. ಆದರೂ ಅದೇ ಸಂದರ್ಭ ಮತ್ತೆ ಬಂದರೆ ಅದನ್ನೇ ಮಾಡುತ್ತೇನೆ. ಕೂಲೆಂಟ್ ಇಲ್ಲದೆ ಹತ್ತಾರು ಕಿಲೋಮೀಟರ್ ಓಡಿಸಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಟ್ಟರೆ, ಆ ನಷ್ಟದ ಸಮೀಪ ಕಾರಣ ಡಿಕ್ಕಿಯಲ್ಲ, ಡಿಕ್ಕಿಯ ನಂತರವೂ ಓಡಿಸಿದ್ದು. ಪ್ರಮಾಣಿತ ಪಾಲಿಸಿ ಅಂಥ ಮುಂದುವರಿದ ನಷ್ಟವನ್ನು ಭರಿಸುವುದಿಲ್ಲ. ಅದೇ ಪಾಲಿಸಿಯಲ್ಲಿ, ಅಪಘಾತವಾದ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸಲು 1,500 ರೂಪಾಯಿವರೆಗೆ ಕೊಡುವ ಅವಕಾಶವಿದೆ ಎಂಬುದನ್ನು ಬಹಳ ಮಂದಿ ಓದಿಯೇ ಇರುವುದಿಲ್ಲ.

ನೀರಿನ ವಿಷಯದಲ್ಲಿ ಇದು ಇನ್ನೂ ಕಟುವಾದ ಸತ್ಯ. ನನ್ನ ಚಿಕ್ಕಪ್ಪನ ಮಗ ಒಂದು ಮಳೆಗಾಲದಲ್ಲಿ ರೈಲ್ವೆ ಕೆಳಸೇತುವೆಯ ನೀರಿನಲ್ಲಿ ಕಾರು ನಿಂತಾಗ, ಮತ್ತೆ ಮತ್ತೆ ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡಲು ನೋಡಿದ. ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ನೀರು ಸಿಲಿಂಡರಿನೊಳಗೆ ಹೋದರೆ, ಗಾಳಿಯಂತೆ ನೀರು ಅದುಮಿಸಿಕೊಳ್ಳುವುದಿಲ್ಲ. ಪಿಸ್ಟನ್ ಅದರ ಮೇಲೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಅವನ ಪಾಲಿಸಿಯಲ್ಲಿ ಇರಲಿಲ್ಲ. ಸೀಟು, ಚಾಪೆ, ವೈರಿಂಗ್ ಶುಚಿಗೊಳಿಸಿದ ಖರ್ಚಿನ ಒಂದು ಪಾಲು ಬಂತು, ಎಂಜಿನ್ನಿನದು ಬರಲಿಲ್ಲ. ತುಂಗಭದ್ರೆಗೆ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯೇ ಮುಳುಗುವ ಸೀಮೆಯಲ್ಲಿ ಇರುವ ನಮಗೆ ಇದು ದೂರದ ಮಾತಲ್ಲ.

ಎರಡನೆಯ ಪರಿಶೀಲನೆಯನ್ನು ಮರುದಿನ ಬೆಳಗಿನ ಏಳು ಗಂಟೆಯ ಓರೆ ಬಿಸಿಲಿನಲ್ಲಿ ಮಾಡಿದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಾಣದ ತಗ್ಗುಗಳು ಆ ಹೊತ್ತಿನಲ್ಲಿ ನೆರಳು ಚೆಲ್ಲುತ್ತವೆ. ಕಾರನ್ನು ತೊಳೆದು ನೋಡೋಣವೆಂದು ಮನೆಯವರು ನೀರಿನ ಬಕೆಟ್ ತಂದಾಗ ಬೇಡವೆಂದೆ. ನಮ್ಮೂರಿನ ಕೆಂಪು ಧೂಳು ಈ ಕೆಲಸದಲ್ಲಿ ನಮ್ಮ ಕಡೆಯ ಸಾಕ್ಷಿ. ಹೊಸದಾಗಿ ಉಜ್ಜಿದ ಜಾಗದಲ್ಲಿ ಧೂಳು ಅಳಿಸಿರುತ್ತದೆ, ಗೀರಿನೊಳಗೆ ತಗಡು ಬೆಳ್ಳಗೆ ಹೊಳೆಯುತ್ತದೆ, ಬಡಿದ ವಾಹನದ ಬಣ್ಣ ಅಂಟಿರುತ್ತದೆ. ಹಳೆಯ ಗೀರಿನಲ್ಲಿ ಧೂಳು ಕೂತಿರುತ್ತದೆ, ಅಂಚಿನಲ್ಲಿ ತುಕ್ಕು ಹಿಡಿದಿರುತ್ತದೆ. ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವವರೆಗೆ ತೊಳೆಯದೆ ಇಡುವುದು ಒಳ್ಳೆಯದು.

ನನ್ನ ಜೊತೆ ಕೌಲ್ ಬಜಾರ್ ಕಡೆಯ ಒಬ್ಬ ಹಿರಿಯ ಟಿಂಕರ್, ಅಂದರೆ ಕಾರಿನ ತಗಡು ಬಡಿದು ಸರಿಮಾಡುವವರು, ಬಂದಿದ್ದರು. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುವುದು. ಅವರು ಮೊದಲು ಮುಟ್ಟಿ ನೋಡಿದ್ದು ಒಡೆದ ಹೆಡ್‌ಲೈಟನ್ನಲ್ಲ. ಬಾನೆಟ್ ಮತ್ತು ಮುಂಚಕ್ರದ ಮೇಲಿನ ತಗಡಾದ ಫೆಂಡರ್ ಸೇರುವ ಸಂದಿಯ ಉದ್ದಕ್ಕೂ ಬೆರಳಿಟ್ಟು, ಎಡಕ್ಕೂ ಬಲಕ್ಕೂ ಸಂದಿಯ ಅಗಲ ಒಂದೇ ಇದೆಯೇ ಎಂದು ನೋಡಿದರು. ನಾಲ್ಕೂ ಬಾಗಿಲುಗಳನ್ನು ತೆರೆದು ಮುಚ್ಚಿ ಸದ್ದು ಕೇಳಿದರು. "ಬಾಗಿಲು ಸಲೀಸಾಗಿ ಬೀಳ್ತಾ ಇದಾವ್ ಸರ್, ಚೆಸಿಗೆ ಏನೂ ಆಗಿಲ್ಲ ಅನಸ್ತದ" ಎಂದರು. ಟೈರಿನ ಪಕ್ಕೆಯಲ್ಲಿ ಉಬ್ಬು ಇದೆಯೇ, ಸ್ಟೀರಿಂಗ್ ನೇರವಿದ್ದಾಗ ಚಕ್ರ ನೇರವಿದೆಯೇ, ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಉಳಿದುಕೊಂಡಿದೆಯೇ ಎಂದು ನೋಡಿದರು. ಆಮೇಲೆ ಬಂಪರಿಗೆ ಬಂದರು.

ಬಂಪರ್ ವಿಷಯದಲ್ಲಿ ನಾನು ಪೂರ್ತಿ ಮೋಸಹೋಗಿದ್ದೆ. ಪ್ಲಾಸ್ಟಿಕ್ ಬಂಪರ್ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಚಿಮ್ಮುತ್ತದೆ. ಒಂದು ಸೀಳು, ಎರಡು ಗೀರು ಬಿಟ್ಟರೆ ಅದು ಬಹುಪಾಲು ತನ್ನ ಆಕಾರಕ್ಕೇ ಮರಳಿತ್ತು. ಅದರ ಹಿಂದಿರುವ ಭಾಗಗಳು ಹಾಗೆ ಮರಳುವುದಿಲ್ಲ. ಗ್ರಿಲ್ಲಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದಾಗ ಎ.ಸಿ. ಗ್ಯಾಸನ್ನು ತಣಿಸುವ ಕಂಡೆನ್ಸರಿನ ತೆಳು ಎಲೆಗಳು ಎಡಮೂಲೆಯಲ್ಲಿ ಮಡಚಿಕೊಂಡಿದ್ದವು, ಅಲ್ಲೇ ಎಣ್ಣೆಯಂಥ ಒದ್ದೆ ಕಲೆ ಇತ್ತು. ಎ.ಸಿ. ಹಾಕಿದರೆ ಬರೀ ಗಾಳಿ ಬರುತ್ತಿತ್ತು, ತಂಪು ಇರಲಿಲ್ಲ. ಗ್ಯಾಸ್ ಹೋಗಿದೆ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಕಣ್ಣಿಗೆ ರಾಚುವ ಹೆಡ್‌ಲೈಟಿಗಿಂತ ಕಣ್ಣಿಗೆ ಕಾಣದ ಕಂಡೆನ್ಸರ್ ದುಬಾರಿ. ಆದ್ದರಿಂದ ಕಾಣುವ ನಷ್ಟ, ಅನುಮಾನದ ನಷ್ಟ ಎಂದು ಎರಡು ಪಟ್ಟಿ ಬರೆದೆ. ಅನುಮಾನದ ಪಟ್ಟಿಯಲ್ಲಿ ಎರಡು ಇದ್ದವು: ಕಂಡೆನ್ಸರ್, ಮತ್ತು ರೇಡಿಯೇಟರ್ ಕೂರುವ ಚೌಕಟ್ಟು. ಬಿಚ್ಚಿ ನೋಡಿದರೆ ಕ್ಷಣದಲ್ಲಿ ತಿಳಿಯುತ್ತಿತ್ತು, ಆದರೆ ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಬಾರದು. ಬಿಚ್ಚಿದ ಮೇಲೆ ಹೊಸದಾಗಿ ಕಂಡ ನಷ್ಟವನ್ನು ಪೂರಕ ಎಸ್ಟಿಮೇಟ್ ಆಗಿ ಸೇರಿಸಲು ಅವಕಾಶವಿದೆ. ಆದರೆ ಕಳಚಿದ ಭಾಗ ಅವರ ಕಣ್ಣಿಗೆ ಬೀಳಬೇಕು.

ಇನ್ನು ಲೆಕ್ಕ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಗ್ಯಾರೇಜಿನ ಎಸ್ಟಿಮೇಟ್ ಕೈಗೆ ಬಂದಾಗ ಅದರ ಕೊನೆಯ ಮೊತ್ತವನ್ನೇ ವಿಮಾ ಕಂಪನಿ ಕೊಡುತ್ತದೆ ಎಂದುಕೊಳ್ಳುವವರು ಬಹಳ ಇದ್ದಾರೆ. ಪ್ರಮಾಣಿತ ಪಾಲಿಸಿಯಲ್ಲಿ ಹೊಸ ಭಾಗ ಹಾಕಿದರೆ ಹಳೆಯ ಭಾಗದ ಸವಕಳಿಯನ್ನು, ಅಂದರೆ ಬಳಕೆಯಿಂದ ಇಳಿದ ಬೆಲೆಯನ್ನು, ಕಳೆಯುತ್ತಾರೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ, ಟೈರು, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಕಾರಿನ ವಯಸ್ಸು ಎಷ್ಟೇ ಇದ್ದರೂ ಶೇ. 50, ಫೈಬರ್ ಗ್ಲಾಸಿಗೆ ಶೇ. 30 ಕಡಿತ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳ ಕಡಿತ ವಯಸ್ಸಿನೊಂದಿಗೆ ಏರುತ್ತದೆ: ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ ಶೇ. 5, ಎರಡು ವರ್ಷದವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಅದರಾಚೆ 50. ಬಣ್ಣದ ಬಿಲ್ ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿಯ ಬೆಲೆ ಎಂದು ಹಿಡಿದು, ಅದರಲ್ಲಿ ಅರ್ಧ ಕಡಿಯುತ್ತಾರೆ. ಕೂಲಿಗೆ ಕಡಿತವಿಲ್ಲ. ಕೊನೆಯಲ್ಲಿ 1500 ಸಿ.ಸಿ.ವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಮಾಲೀಕನೇ ಹೊರುವ ಕಡ್ಡಾಯ ಪಾಲು.

ನನ್ನ ಕಾರು 1200 ಸಿ.ಸಿ.ಯದು, ವಯಸ್ಸು ಮೂರು ವರ್ಷ ಒಂಬತ್ತು ತಿಂಗಳು. ಸವಕಳಿ ಕಡಿಯದ ಹೆಚ್ಚುವರಿ ಕವರನ್ನು ನಾನು ಆ ವರ್ಷ ತೆಗೆದುಕೊಂಡಿರಲಿಲ್ಲ. ಬಂಪರ್ 3,800, ಗ್ರಿಲ್ 1,600, ಹೆಡ್‌ಲೈಟ್ 5,200: ಇವು ಪ್ಲಾಸ್ಟಿಕ್, ಅರ್ಧ ಕಡಿತ, ಅಂದರೆ 5,300 ರೂಪಾಯಿ. ಬಾನೆಟ್ 7,600, ಫೆಂಡರ್ 3,200, ಚೌಕಟ್ಟು 2,400, ಕಂಡೆನ್ಸರ್ 7,200: ಇವು ಲೋಹ, ಕಾಲು ಭಾಗ ಕಡಿತ, 5,100 ರೂಪಾಯಿ. ಬಣ್ಣ 9,000, ಅದರಲ್ಲಿ ಕಡಿತ 1,125. ಕೂಲಿ 6,000. ಗ್ಯಾಸ್, ಕ್ಲಿಪ್ಪು, ಸ್ಕ್ರೂ ಮುಂತಾದ ಬಳಸಿ ಮುಗಿಯುವ ಸಾಮಾನು 1,500, ಅದಕ್ಕೆ ಬೇರೆ ಕವರ್ ಇಲ್ಲದಿದ್ದರೆ ಪೂರ್ತಿ ನಮ್ಮದೇ. ಒಟ್ಟು 47,500 ರೂಪಾಯಿಯ ಎಸ್ಟಿಮೇಟಿನಲ್ಲಿ, ಕಡ್ಡಾಯ ಪಾಲಿನ ಸಾವಿರವೂ ಸೇರಿ, ನನ್ನ ಕೈಯಿಂದ ಹೋಗುವುದು 14,025, ಕಂಪನಿಯಿಂದ ಬರಬಹುದಾದದ್ದು 33,475. ಸವಕಳಿ ಕಡಿಯದ ಕವರ್ ಇದ್ದಿದ್ದರೆ ನನ್ನ ಪಾಲು 2,500 ರೂಪಾಯಿಗೆ ನಿಲ್ಲುತ್ತಿತ್ತು.

ಇದು ಲೆಕ್ಕದ ಅರ್ಧ ಮಾತ್ರ. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸಿಗುವ ರಿಯಾಯಿತಿ, ಎಲ್ಲರೂ ಎನ್‌ಸಿಬಿ ಎನ್ನುವುದು, ಮೊದಲ ವರ್ಷದ ನಂತರ ಶೇ. 20, ಆಮೇಲೆ 25, 35, 45, ಐದು ವರ್ಷಗಳ ನಂತರ 50. ಅದು ಸ್ವಂತ ನಷ್ಟದ, ಅಂದರೆ ನಮ್ಮ ಕಾರಿನ ಹಾನಿಗೆಂದು ಕಟ್ಟುವ, ಪ್ರೀಮಿಯಂಗೆ ಮಾತ್ರ ಅನ್ವಯಿಸುತ್ತದೆ, ನಮ್ಮಿಂದ ಬೇರೆಯವರಿಗೆ ಆಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂಗೆ ಅಲ್ಲ. ಒಂದು ಕ್ಲೇಮ್ ಆದರೆ ಮುಂದಿನ ನವೀಕರಣದಲ್ಲಿ ಅದು ಸೊನ್ನೆಗೆ ಇಳಿದು ಮತ್ತೆ ಮೊದಲ ಮೆಟ್ಟಿಲಿಂದ ಹತ್ತಬೇಕು. ನನ್ನ ಸ್ವಂತ ನಷ್ಟದ ಪ್ರೀಮಿಯಂ ರಿಯಾಯಿತಿಗೆ ಮೊದಲು ಸುಮಾರು 9,000 ರೂಪಾಯಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಶೇ. 45, ಆಮೇಲೆ ಶೇ. 50 ರಿಯಾಯಿತಿ ಸಿಗಬೇಕಿತ್ತು. ಕ್ಲೇಮ್ ಮಾಡಿದರೆ ಸೊನ್ನೆ, 20, 25, 35, 45. ವ್ಯತ್ಯಾಸವನ್ನು ವರ್ಷವಾರು ಬರೆದರೆ 4,050, 2,700, 2,250, 1,350, 450, ಒಟ್ಟು 10,800 ರೂಪಾಯಿ. ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆಯೇ. ಬರುವ 33 ಸಾವಿರದ ಮುಂದೆ ಹೋಗುವ 11 ಸಾವಿರ: ಕ್ಲೇಮ್ ಹಾಕುವುದು ಸರಿಯೆಂದು ಆಗ ತೀರ್ಮಾನಿಸಿದೆ.

ಇದೇ ಲೆಕ್ಕ ಬೇರೆಯವರಿಗೆ ಬೇರೆ ಉತ್ತರ ಕೊಡುತ್ತದೆ. ತೋರಣಗಲ್ಲಿನ ದಾರಿಯಲ್ಲಿ ಅದಿರಿನ ಲಾರಿಯಿಂದ ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಡುವುದು ನಮ್ಮಲ್ಲಿ ಅಪರೂಪವಲ್ಲ. ಗಾಜಿಗೆ ಸವಕಳಿ ಇಲ್ಲವೆಂಬ ಕಾರಣಕ್ಕೆ ಎಲ್ಲರೂ ಕ್ಲೇಮ್ ಮಾಡಿ ಎನ್ನುತ್ತಾರೆ. ಗಾಜಿಗೆ 9,000 ರೂಪಾಯಿ ಎಂದಿಟ್ಟುಕೊಂಡರೆ ಬರುವುದು 8,000. ಆದರೆ ಶೇ. 50 ರಿಯಾಯಿತಿ ಇರುವ, 14,000 ರೂಪಾಯಿ ಸ್ವಂತ ನಷ್ಟದ ಪ್ರೀಮಿಯಂ ಇರುವ ಒಬ್ಬ ಸಹೋದ್ಯೋಗಿ ಮೊದಲ ವರ್ಷವೇ 7,000, ಎರಡನೆಯ ವರ್ಷ 4,200 ಕಳೆದುಕೊಳ್ಳುತ್ತಾರೆ. ಅವರು ನನ್ನ ಮಾತು ಕೇಳಿ ಕೈಯಿಂದಲೇ ಗಾಜು ಹಾಕಿಸಿದರು. ರಿಯಾಯಿತಿ ಉಳಿಸುವ ಹೆಚ್ಚುವರಿ ಕವರ್ ಇರುವವರ ಲೆಕ್ಕ ಮತ್ತೆ ಬೇರೆ. ದೊಡ್ಡ ಅಪಘಾತದಲ್ಲಂತೂ ರಿಪೇರಿ ವೆಚ್ಚ ಪಾಲಿಸಿಯಲ್ಲಿ ನಮೂದಾದ ಕಾರಿನ ಬೆಲೆಯ, ಅಂದರೆ ಐಡಿವಿಯ, ಶೇ. 75ನ್ನು ಮೀರಿದರೆ ಕಾರನ್ನು ಪೂರ್ಣ ನಷ್ಟವೆಂದೇ ಪರಿಗಣಿಸುತ್ತಾರೆ. ಅಲ್ಲಿ ಇಂಥ ತೂಗಾಟವೇ ಏಳುವುದಿಲ್ಲ.

ಇಷ್ಟೆಲ್ಲ ನೋಡಲು ದಿನಗಟ್ಟಲೆ ಸಮಯವಿಲ್ಲ ಎಂಬುದನ್ನೂ ಹೇಳಬೇಕು. ಅಪಘಾತವಾದ ಕೂಡಲೇ ಕಂಪನಿಗೆ ತಿಳಿಸಬೇಕೆಂಬುದು ಪಾಲಿಸಿಯ ಷರತ್ತು. ರಾತ್ರಿಯ ಚಿತ್ರ, ಬೆಳಗಿನ ನೋಟ, ಒಂದು ಎಸ್ಟಿಮೇಟ್, ಅರ್ಧ ಗಂಟೆಯ ಲೆಕ್ಕ, ಇಷ್ಟರಲ್ಲಿ ಮುಗಿಸಿ ಹನ್ನೊಂದು ಗಂಟೆಗೆ ನಾನು ಕರೆ ಮಾಡಿದೆ. ಅನುಮಾನವಿದ್ದರೆ ಮೊದಲು ತಿಳಿಸಿ ಆಮೇಲೆ ಲೆಕ್ಕ ಹಾಕುವುದೇ ಸುರಕ್ಷಿತ.

ಕರೆ ಮಾಡಿದ ಮೇಲೆ ಕಾರನ್ನು ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿದ್ದ, ಅಂದರೆ ಕಂಪನಿ ತನ್ನ ಪಾಲನ್ನು ನೇರವಾಗಿ ಕಟ್ಟುವ, ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿ ಎದುರಾದ ಒಂದು ಮಾತೇ ಈ ಬರಹಕ್ಕೆ ಕಾರಣ. ನನ್ನ ಕಾರಿನ ಬಲ ಹಿಂಬಾಗಿಲಿನಲ್ಲಿ ವರ್ಷದ ಹಿಂದೆ ಒಂದು ಆಟೋ ತಾಗಿ ಆದ ತಗ್ಗಿದೆ. ಆಗ ಅದರ ಖರ್ಚು 4,500 ರೂಪಾಯಿ ಎಂದಿದ್ದರು. ರಿಯಾಯಿತಿ ಕಳೆದುಕೊಳ್ಳುವಷ್ಟು ದೊಡ್ಡದಲ್ಲವೆಂದು ಕ್ಲೇಮ್ ಮಾಡದೆ ಹಾಗೇ ಬಿಟ್ಟಿದ್ದೆ. ಗ್ಯಾರೇಜಿನ ಸಲಹೆಗಾರ ಅದನ್ನು ನೋಡಿ, "ಇದನ್ನೂ ಇದರಾಗೇ ಸೇರಿಸೋಣ ಸರ್, ಹೆಂಗೂ ಕ್ಲೇಮ್ ಆಗತೈತಿ" ಎಂದ. ಆತನಿಗೆ ಅದು ದಿನನಿತ್ಯದ ಮಾತು, ನನಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ನಂಬಿಕೆಯೂ ಇದ್ದಿರಬಹುದು. ಎಡ ಮುಂಭಾಗಕ್ಕೆ ಬಿದ್ದ ಪೆಟ್ಟು ಬಲ ಹಿಂಬಾಗಿಲಿಗೆ ತಲುಪುವುದಿಲ್ಲ ಎಂದು ಸರ್ವೇಯರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಸಿಕ್ಕಿಬೀಳುತ್ತೇನೆಂಬ ಭಯ ನನ್ನ ಕಾರಣವಾಗಿರಲಿಲ್ಲ. ಬೇರೆ ದಿನ, ಬೇರೆ ಕಾರಣದಿಂದ ಆದ ನಷ್ಟ ಬೇರೆಯೇ ಕ್ಲೇಮ್. ಅದನ್ನು ಈ ಅಪಘಾತದ ಹೆಸರಿನಲ್ಲಿ ಬರೆದು ನನ್ನ ಸಹಿ ಹಾಕಿದರೆ ಅದು ಸುಳ್ಳು ಹೇಳಿಕೆ, ನಿಜವಾದ ನಷ್ಟದ ಪರಿಹಾರವನ್ನೂ ನಿರಾಕರಿಸಲು ಕಂಪನಿಗೆ ಅದೊಂದೇ ಸಾಕು. ಪರಮ ಸದ್ಭಾವನೆಯನ್ನು ತರಗತಿಯಲ್ಲಿ ವಿವರಿಸಿ ಬಂದವನು ಗ್ಯಾರೇಜಿನಲ್ಲಿ ಅದನ್ನು ಮುರಿಯುವುದು ನನ್ನಿಂದ ಆಗದ ಕೆಲಸ. ಬಾಗಿಲನ್ನು ಬಿಟ್ಟು ಎಸ್ಟಿಮೇಟ್ ಮಾಡಿರಿ ಎಂದೆ. ಕ್ಲೇಮ್ ಫಾರಂನಲ್ಲಿ ಅಪಘಾತದ ವಿವರದ ಜಾಗದಲ್ಲಿ, ಟ್ರೇಲರ್‌ಗೆ ಹಿಂಬದಿ ದೀಪವಿರಲಿಲ್ಲ ಎಂಬುದನ್ನೂ, ನಾನು ಹಿಂದಿನಿಂದ ಬಡಿದೆ ಎಂಬುದನ್ನೂ ಇದ್ದದ್ದು ಇದ್ದಂತೆ ಬರೆದೆ.

ಟ್ರ್ಯಾಕ್ಟರಿನ ಥರ್ಡ್ ಪಾರ್ಟಿ ವಿಮೆಯ ಮೇಲೆ ಏಕೆ ಹೋಗಲಿಲ್ಲ ಎಂದು ಹಲವರು ಕೇಳಿದ್ದಾರೆ. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ದಾರಿ, ದೂರು, ಸಾಕ್ಷಿ, ದಿನಾಂಕಗಳ ದಾರಿ. ತಪ್ಪಿನ ಹಂಚಿಕೆಯೂ ಅಲ್ಲಿ ಪ್ರಶ್ನೆಯಾಗುತ್ತದೆ. ಸ್ವಂತ ನಷ್ಟದ ಕವರ್ ಇರುವಾಗ 47 ಸಾವಿರದ ರಿಪೇರಿಗೆ ಆ ದಾರಿ ನನಗೆ ತಕ್ಕದ್ದೆನಿಸಲಿಲ್ಲ.

ಸರ್ವೇಯರ್ ಮೂರನೆಯ ದಿನ ಬಂದರು. ನನ್ನ ಎರಡು ಪಟ್ಟಿಗಳನ್ನು ಅವರ ಕೈಗೆ ಕೊಟ್ಟೆ. ಅವರ ಎದುರೇ ಬಂಪರ್ ಬಿಚ್ಚಿದಾಗ ಕಂಡೆನ್ಸರ್ ಮತ್ತು ಚೌಕಟ್ಟು ಎರಡೂ ಪೆಟ್ಟು ತಿಂದಿದ್ದವು, ಎರಡನ್ನೂ ಒಪ್ಪಿದರು. ಫೆಂಡರ್ ಬದಲಿಸುವುದನ್ನು ಮಾತ್ರ ಒಪ್ಪಲಿಲ್ಲ, ಬಡಿದು ಸರಿಮಾಡಬಹುದು ಎಂದರು. ಚಾಚಾ ಕೂಡ ಮೊದಲ ದಿನವೇ ಹಾಗೆಂದಿದ್ದರಿಂದ ನಾನು ವಾದಿಸಲಿಲ್ಲ. 3,200 ರೂಪಾಯಿಯ ಫೆಂಡರ್ ಹೋಗಿ 1,200 ರೂಪಾಯಿಯ ಟಿಂಕರಿಂಗ್ ಕೂಲಿ ಬಂತು. ಕೊನೆಯ ಬಿಲ್ 45,500, ನಾನು ಕಟ್ಟಿದ್ದು 13,225, ಕಂಪನಿ ಕಟ್ಟಿದ್ದು 32,275. ಕಾರು ಒಯ್ಯುವ ದಿನ ಚಾಚಾ ಮತ್ತೆ ಬಂದು ಬಾನೆಟ್ಟಿನ ಸಂದಿಯ ಮೇಲೆ ಬೆರಳಾಡಿಸಿ, ಎಡಗಡೆ ಒಂದು ನೂಲಿನಷ್ಟು ಹೆಚ್ಚಿದೆ ಎಂದು ತೋರಿಸಿದರು. ಗ್ಯಾರೇಜಿನವರು ಕೀಲು ಸಡಿಲಿಸಿ ಕೂಡಿಸಿಕೊಟ್ಟರು.

ಬಲ ಹಿಂಬಾಗಿಲಿನ ತಗ್ಗು ಇನ್ನೂ ಹಾಗೆಯೇ ಇದೆ. ಅದರ ಚಿತ್ರವನ್ನು ದಿನಾಂಕ ಬರೆದು ಪಾಲಿಸಿಯ ಕಾಗದಗಳ ಜೊತೆ ಇಟ್ಟಿದ್ದೇನೆ, ಸುಗ್ಗಿಯ ಟ್ರ್ಯಾಕ್ಟರುಗಳು ರಸ್ತೆಯಿಂದ ಸರಿದ ಮೇಲೆ ಚಾಚಾನ ಹತ್ತಿರ ಕೈಯಿಂದ ಮಾಡಿಸಬೇಕು.